ದೂರಿಗೆ ಮಿರ್ಚಿಯ ಉಪಚಾರ

ಸಂಜೆಯಾದರೆ ಉಣಕಲ್ ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ಕರಿಯುವ ವಾಸನೆ ಏಳುತ್ತದೆ. ಊರಿಗೆಲ್ಲ ಬಾಯಲ್ಲಿ ನೀರೂರಿದರೆ ನನಗೆ ಮೈ ಉರಿಯುತ್ತದೆ. ಪಿತ್ತ ಎನ್ನುತ್ತಾರೆ ಮನೆಯವರು. ಅಲ್ಲ, ಒಂದು ಸಾಫ್ಟ್‌ವೇರ್. ನಗಬೇಡಿ, ಕೇಳಿ.

ತೊಂಬತ್ತರ ದಶಕದ ಕೊನೆ. ನಾನು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗುಮಾಸ್ತ. ಹಾಲ್ ಟಿಕೆಟ್ ಮುದ್ರಿಸಲು ಕಂಪ್ಯೂಟರ್ ಬಂತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ನಾನಂತೂ ಒಮ್ಮೆ ಕೈಯನ್ನೂ ಮುಗಿದಿದ್ದೆ. ಪ್ರೋಗ್ರಾಂ ಬರೆದವರು ಊರಿನವರೇ, ಶ್ರೀಕಾಂತ ಎಂಬವರು ಮತ್ತು ಅವರ ಕೈಕೆಳಗಿನ ತಂಡ.

ಮೊದಲು ಮುದ್ರಿಸಿ ನೋಡಿದಾಗ ಗಬ್ಬೂರಿನ ರೇಣುಕಾ ಎಂಬ ವಿದ್ಯಾರ್ಥಿನಿಯ ಟಿಕೆಟ್ ಬರಲಿಲ್ಲ. ತಂದೆಯ ಹೆಸರಿನ ಜಾಗ ಖಾಲಿಯಿದ್ದರೆ ಪ್ರೋಗ್ರಾಂ ಆ ಹುಡುಗಿಯನ್ನೇ ಸದ್ದಿಲ್ಲದೆ ಕೈಬಿಡುತ್ತಿತ್ತು. ರೇಣುಕಾಳ ತಾಯಿ ಮದುವೆಯಾದವಳಲ್ಲ. ಕೂಲಿ ಮಾಡಿ ಮಗಳನ್ನು ಓದಿಸುತ್ತಿದ್ದಳು. ಕೈಯಲ್ಲಿ ಬರೆಯುವಾಗ ಆ ಜಾಗಕ್ಕೊಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಪ್ರೋಗ್ರಾಂ ಗೆರೆಯನ್ನೂ ಒಪ್ಪಲಿಲ್ಲ.

ಶ್ರೀಕಾಂತರ ಕಚೇರಿಗೆ ಹೋದೆ.

"ಬರ್ರಿ, ಕೂಡ್ರಿ. ಮೊದಲ ಮಿರ್ಚಿ ತಿನ್ರಿ, ಮಾತು ಆಮ್ಯಾಲೆ."

ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತು ಬೆಳೆದವನು ನಾನು. ತಟ್ಟೆ ಬರಿದಾಗುವಷ್ಟರಲ್ಲಿ ಅರ್ಧ ದೂರು ಕರಗಿತ್ತು. ಉಳಿದರ್ಧ ಹೇಳಿದೆ. ತಂಡದ ಹುಡುಗರು ನಕ್ಕರು. "ಅಪ್ಪ ಇಲ್ಲದ ಯಾರರ ಹುಟ್ಟತಾರೇನ್ರಿ?" ಎಂದನೊಬ್ಬ.

"ಏನರ ಒಂದು ಹೆಸರು ತುಂಬಿಬಿಡ್ರಿ," ಎಂದರು ಶ್ರೀಕಾಂತ. "ಉಳಿದ ಕಾಲೇಜಿನವರು ಯಾರೂ ಬಾಯಿ ಬಿಟ್ಟಿಲ್ಲ. ನಿಮ್ಮೊಬ್ಬರದ ತಕರಾರು ನೋಡ್ರಿ."

ಮತ್ತೆ ಹೋದೆ, ಮತ್ತೆ ಮಿರ್ಚಿ. ಬೆನ್ನ ಹಿಂದೆ ನನಗೆ 'ತಕರಾರು ಮಾಸ್ತರ' ಎಂಬ ಹೆಸರೂ ಬಿತ್ತು. ರೇಣುಕಾಳನ್ನು ಕೇಳಿದರೆ, "ಇಲ್ಲದಾಂವನ ಹೆಸರು ಯಾಕ ಬರೀಲಿರಿ? ನಮ್ಮವ್ವ ಅದಾಳಲ್ಲ," ಎಂದಳು. ಅವಳ ಮಾತು ಖರೆಯೇ ಇತ್ತು.

ಪರೀಕ್ಷೆಯ ದಿನ ನಾನೇ ಟಿಕೆಟ್ ಬರೆದುಕೊಟ್ಟೆ. ಕೈಬರಹದ್ದು ನಡೆಯುವುದಿಲ್ಲ ಎಂದು ಪರೀಕ್ಷಾ ಕೇಂದ್ರದವರು ಬಾಗಿಲಲ್ಲೇ ತಡೆದರು. ಕೊನೆಯ ಗಂಟೆ ಹೊಡೆಯುವವರೆಗೂ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಒಂದು ವರ್ಷ ಹೋಯಿತು.

ತಪ್ಪು ತೋರಿಸಲು ಬಂದವನಿಗೆ ತಿಂಡಿ ಕೊಡಬೇಡಿ. ಅವನು ಹೇಳಿದ್ದನ್ನು ಅವನ ಎದುರಿಗೇ ಒಮ್ಮೆ ಮಾಡಿ ನೋಡಿ, ಅಷ್ಟು ಸಾಕು. ತನ್ನ ಕೆಲಸ ಬಿಟ್ಟು ಬಂದವನು ನಿಮ್ಮ ಹಗೆಯಲ್ಲ. ಶ್ರೀಕಾಂತರ ತಂಡದವರು ಒಮ್ಮೆಯೂ ಮಾಡಿ ನೋಡಲಿಲ್ಲ. ನಾನವರನ್ನು ಇನ್ನೂ ಕ್ಷಮಿಸಿಲ್ಲ.

ಮರುವರ್ಷ ರೇಣುಕಾಳ ಅರ್ಜಿಯಲ್ಲಿ ತಂದೆಯ ಹೆಸರಿತ್ತು.

"ಯಾರವ್ವ ಇವರು?"

"ಯಾರೂ ಅಲ್ರಿ. ನಿಮ್ಮ ಕಂಪ್ಯೂಟರಿಗೆ ಬೇಕಲ್ಲ."

ಟಿಕೆಟ್ ಮೊದಲ ಸಲಕ್ಕೇ ಬಂತು. "ಸರಿ ಆತಲ್ರಿ?" ಎಂದು ಶ್ರೀಕಾಂತ ಫೋನಿನಲ್ಲಿ ನಕ್ಕರು.

ಮೊನ್ನೆ ಅವಳು ಸಿಕ್ಕಿದ್ದಳು. ಒಳ್ಳೆಯ ನೌಕರಿಯಲ್ಲಿದ್ದಾಳೆ. ಅವಳ ಎಲ್ಲ ಕಾಗದಗಳಲ್ಲೂ ಆ ಹುಟ್ಟಿಯೇ ಇರದ ಮನುಷ್ಯನೇ ತಂದೆ. ತಿದ್ದಿಸೋಣ, ಜೊತೆಗೆ ನಾನೂ ಬರುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಅವ್ವ ಹ್ವಾದ ವರ್ಷ ತೀರಿಕೊಂಡಳ್ರಿ. ಆಕಿಗೆ ಅಷ್ಟಿಷ್ಟು ಓದಾಕ ಬರ್ತಿತ್ತು. ಸಾಯೂತನಕ ಆ ಹೆಸರಿದ್ದ ಸರ್ಟಿಫಿಕೇಟ್ ಆಕಿಗೆ ತೋರಿಸಲಿಲ್ಲ ನಾ."