ಮೂರು ಸೆಕೆಂಡಿನ ಫೌಲ್

ಗೆಳೆಯರೇ, ಇವತ್ತು ಬೆಳಿಗ್ಗೆ ಅಮೆರಿಕನ್ ಫುಟ್‌ಬಾಲ್ ರೆಕಾರ್ಡಿಂಗ್ ನೋಡುತ್ತಾ ರೆಫರಿಗೆ ಬೈದು ಸುಸ್ತಾದೆ. ನಮ್ಮ ತಂಡದವನು ಎದುರಾಳಿಯ ಅಂಗಿ ಹಿಡಿದರೆ ಫೌಲ್, ಅವರು ಹಿಡಿದರೆ ಏನೂ ಇಲ್ಲ. ಪ್ರತಿ ವಾರವೂ ಇದೇ ಗೋಳು. "ಎಲ್ಲರಿಗೂ ಒಂದೇ ರೂಲ್ ಇಡೋಕೆ ಏನು ಕಷ್ಟ?" ಎಂದೆ. ಗಂಡ ಎದ್ದು ಹೋದರು.

ಸಂಜೆ ಇಲ್ಲಿ ಕತಾರಿನ ಅಲ್ ವಕ್ರಾದಲ್ಲಿ ನಮ್ಮ ಕನ್ನಡ ಹೆಂಗಸರ ಥ್ರೋಬಾಲ್ ಫೈನಲ್, ನಾನೇ ಅಂಪೈರ್. ಕೊನೆಯ ಪಾಯಿಂಟಿಗೆ ಮಂಗಳೂರಿನ ಶೋಭಕ್ಕ ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆಂದು ವಿಸಿಲ್ ಊದಿದೆ. ಅವರ ತಂಡ ಸೋತಿತು. ಶೋಭಕ್ಕ ನೇರ ನನ್ನ ಬಳಿ ಬಂದರು.

"ಆಗ ಆ ಟೀಮಿನ ನಿಮ್ಮ ಫ್ರೆಂಡ್ ಬಾಲ್ ಹಿಡ್ಕೊಂಡೇ ದುಪಟ್ಟಾ ಸರಿ ಮಾಡಿ, ಮತ್ತೆ ಬಿಸಾಡಿದ್ದಲ್ವಾ? ನಿಮ್ಮ ವಿಸಿಲ್ ಎಲ್ಲಿ ಹೋಗಿತ್ತು ಮಾರಾಯ್ರೆ?"

ನಿಜ. ಆಗ ನಾನು ಎಣಿಸಿಯೇ ಇರಲಿಲ್ಲ.

"ಅಂಪೈರ್ ಹೇಳಿದ್ದೇ ಫೈನಲ್ ಶೋಭಕ್ಕಾ, ಖಲಾಸ್" ಎಂದುಬಿಟ್ಟೆ.

ಇನ್ನು ಟಿವಿಯ ರೆಫರಿಗೆ ಬೈಯುವ ಮೊದಲು ಮೂರು ಸೆಕೆಂಡ್ ಎಣಿಸಬೇಕು.