ಮದರಸದ ಚಿಲಕ ಮತ್ತು ನಾನು

ನನ್ನ ಎಡಗೈ ಈಗಲೂ ಆಗಾಗ ಚಿಲಕ ಹಿಡಿದಂತೆ ಮಡಚಿಕೊಳ್ಳುತ್ತದೆ. ಆನೆ ಹೋಗಿ ಮೂರು ವಾರವಾಯಿತು; ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಅವತ್ತು ಬೆಳಿಗ್ಗೆ ಹಾನುಬಾಳಿನ ಡೇರಿಗೆ ಹಾಲಿನ ಕ್ಯಾನು ಹಿಡಿದು ಹೊರಟಿದ್ದೆ. ಕಾಫಿ ತೋಟದಿಂದ ಒಂಟಿ ಸಲಗ ರಸ್ತೆಗಿಳಿಯಿತು. ಕ್ಯಾನು ಬಿಸಾಡಿ ಓಡಿದೆ. ತೆರೆದಿದ್ದ ಬಾಗಿಲೆಂದರೆ ಮದರಸದ್ದೊಂದೇ. ಚಪ್ಪಲಿ ಸಮೇತ ನುಗ್ಗಿ, ಚಿಲಕ ಜಡಿದು, ಎಡಗೈಯಲ್ಲಿ ಅದನ್ನು ಹಿಡಿದೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗೆ ಹತ್ತು ಹನ್ನೆರಡು ಮಕ್ಕಳು, ಮಂಗಳೂರು ಕಡೆಯ ಉಸ್ತಾದರು. ಹೊರಗೆ ಸಲಗ ಅಂಗಳಕ್ಕೇ ಬಂದು ಹಲಸಿನ ಮರದಡಿ ನಿಂತಿತು.

ಈ ಉಸ್ತಾದರ ಪಾಠದ ಕ್ರಮವೇ ಬೇರೆ ಎಂದು ಕೇಳಿದ್ದೆ. ಉತ್ತರ ಹೇಳಿಕೊಡುವ ಮೊದಲು ಒಂದು ಸಮಸ್ಯೆ ಕೊಟ್ಟು, ಮಕ್ಕಳನ್ನೇ ಯೋಚಿಸಲು ಬಿಡುತ್ತಾರಂತೆ. ನನಗೂ ಕಾಲೇಜಿನಲ್ಲಿ ವಿಮರ್ಶಾತ್ಮಕ ಚಿಂತನೆ ಎಂಬ ವಿಷಯವಿತ್ತು. ಅದರ ಐದು ಲಕ್ಷಣಗಳನ್ನು ಒಂದಿಷ್ಟೂ ಯೋಚಿಸದೆ ಉರುಹೊಡೆದು ಪಾಸಾದವನು ನಾನು.

“ಉಸ್ತಾದ್, ನಫೀಸಾ ಇನ್ನೂ ಬಂದಿಲ್ಲ,” ಎಂದಳು ಮುಂದಿನ ಸಾಲಿನ ಸಫಿಯಾ. ನಫೀಸಾ ದಿನಾ ತಡವಾಗಿ ಬರುವ ಹುಡುಗಿಯಂತೆ. ಬರುವುದು ಅದೇ ರಸ್ತೆಯಲ್ಲಿ.

“ಯಾರೂ ಬಾಗಿಲು ತೆಗೀಬೇಡ್ರೋ!” ಎಂದು ಕಿರುಚಿದೆ. ಯಾರೂ ತೆಗೆಯಲು ಬಂದಿರಲಿಲ್ಲ.

ಉಸ್ತಾದರ ಮುಖ ಬಿಳಚಿಕೊಂಡಿತು. ಅವರ ಫೋನು ಅಂಗಳದಾಚೆಯ ಕೋಣೆಯಲ್ಲಿ ಚಾರ್ಜಿಗಿತ್ತು. ಆದರೂ ದನಿ ತಗ್ಗಿಸಿ, “ಗೊತ್ತಿರುವುದು ಏನು, ಊಹೆ ಏನು? ಬೇಗ ಹೇಳಿ ಮಕ್ಕಳೇ,” ಎಂದರು.

“ಜೀವ ಉಳಿಸಕ್ಕೆ ನಮಾಜನ್ನೇ ಮುರೀಬೋದು ಅಂತ ಹೇಳಿದ್ರಲ್ಲ ಉಸ್ತಾದ್. ಓಡೋಗಿ ಕರ್ಕೊಂಬರ್ತೀನಿ,” ಎಂದು ಒಬ್ಬ ಎದ್ದ.

“ನೀನ್ ಹೋದ್ರೆ ಎರಡು ಜೀವ ಹೋಯ್ತದೆ ಕಣೋ ಪೆದ್ದ,” ಎಂದಳು ಸಫಿಯಾ. “ಅವ್ಳು ಮನೆ ಬಿಟ್ಟವ್ಳೋ ಇಲ್ವೋ, ಅದೇ ಗೊತ್ತಿಲ್ಲ. ಮೊದ್ಲು ಅದು ತಿಳೀಬೇಕು.” ಆಮೇಲೆ ನನ್ನ ಕಡೆ ತಿರುಗಿದಳು. “ಅಂಕಲ್, ನಿಮ್ ಕೈಲಿರೋದು ಫೋನಲ್ವಾ?”

ಹೌದು, ಬಲಗೈಯಲ್ಲಿ ಫೋನಿತ್ತು. ಅದರಲ್ಲಿ ಆನೆ ಎಲ್ಲಿದೆ ಎಂದು ಊರಿಗೆಲ್ಲ ತಿಳಿಸುವ ವಾಟ್ಸಾಪ್ ಗ್ರೂಪಿತ್ತು. ಆ ಗ್ರೂಪಿನ ಅಡ್ಮಿನ್ ನಾನೇ.

ಫೋನನ್ನು ಉಸ್ತಾದರ ಕಡೆ ಚಾಚಿದೆ. ಹಾಜರಿ ಪುಸ್ತಕ ನೋಡಿ ಅವರೇ ನಂಬರು ಒತ್ತಿ, ಆನೆಯ ವಿಷಯ ಹೇಳಿದರು. ನಫೀಸಾಳ ತಾಯಿಯ ಕೂಗು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು: “ಅಯ್ಯೋ, ಗೇಟ್ ದಾಟ್ಬುಟ್ಲು! ಏ ನಫೀಸಾ, ನಿಂತ್ಕೊಳೇ! ವಾಪಸ್ ಬಾರೇ!” ಆಮೇಲೆ ಸದ್ದಿಲ್ಲ. ಕೊನೆಗೆ, “ಬಂದ್ಲು ಉಸ್ತಾದ್. ಇವತ್ತು ರಜವಾ ಅಂತ ಕೇಳ್ತಾವ್ಳೆ.”

ಅರ್ಧ ಗಂಟೆ ಹಲಸು ತಿಂದು ಸಲಗ ಹೊರಟುಹೋಯಿತು. ಚಾಪೆಯ ಮೇಲಿನ ನನ್ನ ಚಪ್ಪಲಿ ಗುರುತು ತೋರಿಸಿ, “ಇದು ತಪ್ಪೋ, ಸರಿಯೋ?” ಎಂದರು ಉಸ್ತಾದರು. ಜೀವಭಯದಲ್ಲಿ ಬಂದವರಿಗೆ ತಪ್ಪಿಲ್ಲ, ಒರೆಸಿದರೆ ಆಯಿತು ಎಂದು ಮಕ್ಕಳು ತೀರ್ಪು ಕೊಟ್ಟರು.

“ಹಿಂದೆ ಯಾರಾರ ಬತ್ತಾವ್ರಾ ಅಂತ ನೋಡ್ದೆ ಚಿಲಕ ಹಾಕಿದ್ದು?” ಎಂದಳು ಸಫಿಯಾ.

“ಅದು ಗೌಡ್ರಿಗೆ ಹೋಮ್‌ವರ್ಕ್ ಮಾರಾಯ್ತಿ, ನೀನು ಕೂತ್ಕೋ,” ಎಂದು ಉಸ್ತಾದರು ನನ್ನ ಮಾನ ಉಳಿಸಿದರು.

ಉತ್ತರ ಇನ್ನೂ ಬರೆದಿಲ್ಲ. ಆದರೆ ಸಂಜೆ ಮನೆ ಬಾಗಿಲು ಹಾಕುವ ಮೊದಲು ಹೊರಗೊಮ್ಮೆ ಇಣುಕುತ್ತೇನೆ, ಬರುವವರು ಯಾರಾದರೂ ಇದ್ದಾರೆಯೇ ಎಂದು. ಇದುವರೆಗೆ ಬಂದಿರುವುದು ಸೊಳ್ಳೆಗಳು ಮಾತ್ರ. ಹೆಂಡತಿ ಬೈಯುತ್ತಾಳೆ. ನಾನು ಇನ್ನೊಂದು ಗಳಿಗೆ ಬಾಗಿಲು ತೆರೆದುಕೊಂಡೇ ನಿಲ್ಲುತ್ತೇನೆ.