ಖಾಸಬಾಗದ ಓದುವ ಅಕ್ಕ

ಬೆಳಗಿನ ಐದು ಗಂಟೆ. ಬೆಳಗಾವಿಯ ಖಾಸಬಾಗದ ಓಣಿಯೊಂದರ ಕೊನೆಯ ಮನೆಯಲ್ಲಿ ತ್ರಿವೇಣಿ ಕಿಟಕಿಗೆ ಎರಡು ಕಂಬಳಿ ಇಳಿಬಿಡುತ್ತಾರೆ. ಫ್ಯಾನು ಆರಿಸುತ್ತಾರೆ, ಗೋಡೆ ಗಡಿಯಾರವನ್ನು ಅಡುಗೆಮನೆಗೆ ಒಯ್ದಿಡುತ್ತಾರೆ. ಆಮೇಲೆ ಮೈಕನ್ನು ಹತ್ತಿರಕ್ಕೆಳೆದುಕೊಂಡು, ಹತ್ತನೆಯ ತರಗತಿಯ ಸಮಾಜ ವಿಜ್ಞಾನ ತೆರೆದು ಓದತೊಡಗುತ್ತಾರೆ. ಎದುರಿಗೆ ಯಾರೂ ಇಲ್ಲ. ನಳಕ್ಕೆ ನೀರು ಬಂದು ಕೊಡಗಳ ಸದ್ದು ಶುರುವಾಗುವವರೆಗೆ ಅವರಿಗೆ ಸಿಗುವುದು ಒಂದೂಕಾಲು ಗಂಟೆ.

"ಮೊದಮೊದಲ ಓಣ್ಯಾಗಿನ ಮಂದಿ ನನಗ ತಲಿ ಕೆಟ್ಟೈತಿ ಅಂತಿದ್ರರಿ," ಎನ್ನುತ್ತಾರೆ ನಲವತ್ತಮೂರರ ತ್ರಿವೇಣಿ. "ಮನ್ಯಾಗ ಇರಾಕಿ ನಾ ಒಬ್ಬಾಕಿ. ನಸಿಕಿನ್ಯಾಗ ಯಾರ ಜೋಡಿ ಇಷ್ಟ ಮಾತಾಡ್ತಾಳ ಅಂತ ಅವರಿಗೆ ಅನಸೂದೂ ಬರೊಬ್ಬರಿ ಐತಿ."

ಕೇಳುವವರು ಹಿತ್ತಲ ಗೋಡೆಯ ಆಚೆ ಇದ್ದಾರೆ. ಅಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳ ಸಣ್ಣದೊಂದು ವಸತಿನಿಲಯ, ಹನ್ನೊಂದು ಹುಡುಗಿಯರು. ತ್ರಿವೇಣಿ ಓದಿದ ಪಾಠಗಳು ಅವರ ಮನೆಯ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಅಲ್ಲಿಂದ ಗೋಡೆ ದಾಟಿದ ತಂತಿಯೊಂದರಲ್ಲಿ ದನಿ ಮಾತ್ರ ನಿಲಯದ ಮೂರು ಹಳೆಯ ಕಂಪ್ಯೂಟರುಗಳಿಗೆ ಹರಿದುಹೋಗುತ್ತದೆ. ಆ ಮೂರಕ್ಕೂ ಪರದೆ ಇಲ್ಲ, ಬೇಕಾಗಿಯೂ ಇಲ್ಲ. ಕೀಲಿಮಣೆಯ ಬಲಗಡೆಯ ಅಂಕಿಗಳಲ್ಲಿ ಐದರ ಮೇಲೊಂದು ಸಣ್ಣ ಉಬ್ಬು ಇರುತ್ತದೆ. ಅದನ್ನು ಬೆರಳಿನಲ್ಲಿ ಹಿಡಿದು ಹುಡುಗಿಯರು ಉಳಿದ ಅಂಕಿಗಳನ್ನು ಹುಡುಕಿಕೊಳ್ಳುತ್ತಾರೆ. ಒಂದು ಒತ್ತಿದರೆ ಇತಿಹಾಸ, ಎರಡು ಒತ್ತಿದರೆ ಭೂಗೋಳ.

ತ್ರಿವೇಣಿ ನಂದಗಡದವರು. ಅಪ್ಪ ಉಳವಪ್ಪ ಕುರಿ ಕಾಯುತ್ತಿದ್ದರು, ಅಕ್ಷರ ಬರುತ್ತಿರಲಿಲ್ಲ. ಓಣಿಗೆ ಬಂದ ಪತ್ರಗಳನ್ನೆಲ್ಲ ಓದಿ ಹೇಳುವ ಕೆಲಸ ಐದನೆಯ ತರಗತಿಯಿಂದಲೇ ಮಗಳಿಗೆ ಬಂತು. ಮದುವೆಯಾಗಿ ನಾಲ್ಕು ತಿಂಗಳಿಗೆ ಗಂಡನ ಮನೆ ಬಿಟ್ಟು ಬಂದರು. ಏಕೆಂದು ಅವರು ಹೇಳುವುದಿಲ್ಲ. ಟೈಪಿಂಗ್ ಕಲಿತರು, ಬೆಳಗಾವಿಯಲ್ಲಿ ಮನೆ ಹಿಡಿದರು. ಇಪ್ಪತ್ತು ವರ್ಷಗಳಿಂದ ದಿನಾ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗಿ, ಬಿಂದುಮಾಧವ ಎಂಬ ವಕೀಲರ ಕಚೇರಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಕಾಗದಪತ್ರ ಟೈಪು ಮಾಡುತ್ತಾರೆ.

1999ರಲ್ಲಿ ಆ ಕಚೇರಿಗೂ ಬೇರೆಯವರು ಬಳಸಿಬಿಟ್ಟ ನಾಲ್ಕು ಕಂಪ್ಯೂಟರುಗಳು ಬಂದವು. ಅದೇ ಸುಮಾರಿಗೆ ನಿಲಯದ ಮೇಲ್ವಿಚಾರಕಿ ಪ್ರಮಿಳಾ ಬಂದು, ಪಾಠಗಳನ್ನು ಓದಿ ಕ್ಯಾಸೆಟ್ಟಿನಲ್ಲಿ ತುಂಬಿಕೊಡುವಿರಾ ಎಂದು ಕೇಳಿದರು. ತುಂಬಿಕೊಟ್ಟರು. ಆದರೆ ಒಂದು ಕ್ಯಾಸೆಟ್ಟಿಗೆ ಹನ್ನೊಂದು ಹುಡುಗಿಯರ ಪಾಳಿ. ಪದೇಪದೇ ಹಿಂದೆ ತಿರುಗಿಸಿ ಟೇಪು ಜೋಲುಬೀಳುತ್ತಿತ್ತು. ಎರಡು ವರ್ಷದ ಮೇಲೆ ವಕೀಲರು ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕಿದಾಗ ತ್ರಿವೇಣಿ ಕೇಳಿ ತಂದುಕೊಂಡರು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಹಳೆಯ ಯಂತ್ರದಲ್ಲೂ ನಡೆಯುತ್ತದೆ, ಪರದೆ ಬೇಡುವುದಿಲ್ಲ ಎಂದು ಓದಿ ಅದನ್ನೇ ಹಾಕಿದರು. ಕೇಳಲು ಗುರುವಿಲ್ಲ. ಏನಾದರೂ ಅಡ್ಡಿ ಬಂದರೆ ಚೀಟಿಯಲ್ಲಿ ಬರೆದುಕೊಂಡು ಇಂಟರ್ನೆಟ್ ಅಂಗಡಿಗೆ ಹೋಗಿ ಹುಡುಕುತ್ತಿದ್ದರು. ಕರೆಂಟು ಹೋಗಿ ಬಂದರೆ ಯಂತ್ರ ತಾನೇ ಎದ್ದು ಕೂರುವಂತೆ ಮಾಡಲು ಎಂಟು ಭಾನುವಾರ ಹಿಡಿದವು.

"ಮಧ್ಯಾಹ್ನ ಹನ್ನೆರಡಕ್ಕ ಲೈಟ್ ಹೋದ್ರ ನಾ ಖಾನಾಪುರದಾಗ. ಎದ್ದು ಬರಾಕ ಆಗತೈತೇನ್ರಿ?" ಎನ್ನುತ್ತಾರೆ. "ಅದಕ್ಕ ನಾ ಇಲ್ಲದಾಗೂ ಅದು ನಡೀಬೇಕಿತ್ತು."

ಇದೇ ವರ್ಷ, 2003ರ ಜನವರಿಯಲ್ಲಿ, ಮನೆಯ ಕಂಪ್ಯೂಟರಿನ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಅರವತ್ತೆರಡು ಪಾಠ ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. ಹಳೆಯ ಕ್ಯಾಸೆಟ್ಟುಗಳನ್ನು ಅಳಿಸಿ ಮತ್ತೆ ಬಳಸಿಬಿಟ್ಟಿದ್ದರು. ಪರೀಕ್ಷೆಗೆ ಎರಡು ತಿಂಗಳು, ಹತ್ತನೆಯ ತರಗತಿಯಲ್ಲಿ ನಾಲ್ವರು.

"ತಪ್ಪು ನಂದ. ಇನ್ನೊಂದ ಕಡೆ ಇಡಬೇಕಿತ್ತು, ಇಡಲಿಲ್ಲ," ಎಂದು ತ್ರಿವೇಣಿ ನೇರವಾಗಿ ಹೇಳುತ್ತಾರೆ.

ಬೇರೆ ಡಿಸ್ಕು ತಂದು ಹಾಕಿದರು, ರಜೆ ಬರೆದುಕೊಟ್ಟು ಮೊದಲ ಪಾಠದಿಂದ ಓದಲು ಕೂತರು. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ಹತ್ತೊಂಬತ್ತನೆಯ ದಿನ ಗಂಟಲು ಕಟ್ಟಿಹೋಯಿತು. ಉಳಿದದ್ದು ಭೂಗೋಳದಲ್ಲಿ ಮಣ್ಣಿನ ವಿಧಗಳ ಪಾಠವೊಂದೇ. ವೈದ್ಯರು ಹದಿನೈದು ದಿನ ಬಾಯಿ ತೆರೆಯಬೇಡಿ ಎಂದರು.

ಮರುದಿನ ಪ್ರಮಿಳಾ ಒಬ್ಬ ಹುಡುಗಿಯ ಕೈಹಿಡಿದು ಬಂದರು. ಹತ್ತನೆಯ ತರಗತಿಯ ನಿಂಗವ್ವ.

"ಮಣ್ಣಿನ ಪಾಠ ನನಗ ಬಾಯಾಗ ಐತ್ರಿ ಅಕ್ಕಾರ. ನಾ ಹೇಳಲೇನ್ರಿ?" ಎಂದಳು ಹುಡುಗಿ.

ತ್ರಿವೇಣಿ ಮಾತಾಡುವಂತಿರಲಿಲ್ಲ. ಅವಳ ಕೈಯನ್ನು ಮೈಕಿನ ಮೇಲಿಟ್ಟು, ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು. ನಿಂಗವ್ವ ಶುರುಮಾಡಿದಳು. ಕಪ್ಪು ಮಣ್ಣು, ಕೆಂಪು ಮಣ್ಣು, ಒಂದು ಪದವೂ ಆಚೀಚೆ ಆಗಲಿಲ್ಲ. ತ್ರಿವೇಣಿ ನಿಲ್ಲಿಸುತ್ತಿದ್ದ ಕಡೆಯಲ್ಲೇ ನಿಲ್ಲಿಸಿದಳು, ಅವರು ಎಳೆಯುತ್ತಿದ್ದ ಪದವನ್ನೇ ಎಳೆದಳು. ಒಂದು ಕಡೆ ತಡೆದು, ದನಿ ತಗ್ಗಿಸಿ ಹೇಳಿದಳು: "ಇಲ್ಲಿ ನೀವು 'ಅಯ್ಯ, ಹಾಲು ಉಕ್ಕಿತು' ಅಂದಿದ್ರಿ. ಅದನ್ನೂ ಅನಬೇಕೇನ್ರಿ?"

ಪ್ರಮಿಳಾ ನಕ್ಕರು. ತ್ರಿವೇಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ನಾಲ್ಕ ವರ್ಷ ನಾ ಗ್ವಾಡಿಗೆ ಓದೀನಿ ಅಂತ ತಿಳದಿದ್ದೆ," ಎನ್ನುತ್ತಾರೆ ಈಗ. "ಅವರಿಗೆ ನನ್ನ ದನಿ ಪೂರಾ ಗೊತ್ತಿತ್ತು. ನನಗ ಅವರದು ಒಬ್ಬರದೂ ಗೊತ್ತಿರಲಿಲ್ಲ. ನಿಲಯಕ್ಕ ಬಾ ಅಂತ ಕರೀತಿದ್ರು, ನಾನ ಹೋಗತಿರಲಿಲ್ಲ. ಕಂಪ್ಯೂಟರ್ ಸೈತ ಮನ್ಯಾಗ ಸಜ್ಜ ಮಾಡಿ ಪ್ರಮಿಳಾ ಅವರ ಕೈಲೆ ಕಳಿಸಿದ್ದೆ. ಹೋಗಿ ಏನ ಮಾತಾಡಬೇಕು ಅಂತ ತಿಳೀತಿರಲಿಲ್ಲರಿ."

ನಾಲ್ವರೂ ಪಾಸಾದರು. ನಿಂಗವ್ವ ಕಾಲೇಜಿಗೆಂದು ಧಾರವಾಡಕ್ಕೆ ಹೋದಳು. ಹೊರಡುವ ದಿನ ಬಂದು ಅರ್ಧ ತಾಸು ಕೂತು, ಚಹಾ ಕುಡಿದು ಹೋದಳು. ಆಮೇಲೆ ತ್ರಿವೇಣಿ ಓದುವ ಕೋಣೆಗೆ ನಿಲಯದಿಂದ ಯಾರೂ ಬಂದಿಲ್ಲ. ಈಗ ಪ್ರತಿ ಭಾನುವಾರ ಎಲ್ಲ ಪಾಠಗಳ ಪ್ರತಿ ಸಿ.ಡಿ.ಗೆ ಇಳಿಯುತ್ತದೆ. ಸೋಮವಾರ ಅದು ಖಾನಾಪುರದ ಕಚೇರಿಯ ಕಪಾಟು ಸೇರುತ್ತದೆ. ಗಂಟಲು ಸರಿಯಾದರೂ ಮಣ್ಣಿನ ಪಾಠವನ್ನು ತ್ರಿವೇಣಿ ಮತ್ತೆ ಓದಿಲ್ಲ. ಹೊಸ ಹುಡುಗಿಯರು ಅದನ್ನು ನಿಂಗವ್ವನ ದನಿಯಲ್ಲೇ ಕೇಳುತ್ತಾರೆ.

ಇನ್ನೇನು ಬೇಕು ಎಂದರೆ ತ್ರಿವೇಣಿ ಮೈಕನ್ನು ಬದಿಗೆ ಸರಿಸುತ್ತಾರೆ. ಪುಸ್ತಕಕ್ಕೆ ಹಾಕಿದ ರಟ್ಟನ್ನು ಸರಿಮಾಡುತ್ತಾರೆ.

"ಯಾರರ ನನಗೊಂದು ಪುಸ್ತಕ ಓದಿ ಹೇಳಬೇಕ್ರಿ," ಎನ್ನುತ್ತಾರೆ ಕೊನೆಗೆ. "ಪಾಠದ್ದ ಬ್ಯಾಡ, ಒಂದ ಕತಿದ. ನಡುವ ನಾ ಏನೂ ಕೇಳಂಗಿಲ್ಲ. ಸುಮ್ಮನ ಬಾಜೂಕ ಕುಂದರ್ತೀನಿ."